ತತ್‌ಕ್ಷಣವೆಂದರೆ ಎಷ್ಟು ಹೊತ್ತು?

ನಮ್ಮ ಪೂರ್ವಿಕರಿಗೆ ಕಾಲವನ್ನಳೆಯಲು ಕಣ್ಣೇ ಸಾಕಾಗಿತ್ತು. ಎವೆಯಿಕ್ಕುವ ಅವಧಿಯನ್ನು ‘ನಿಮಿಷ’ವೆಂದರು, ಎವೆಯಿಕ್ಕದ ದೇವತೆಗಳನ್ನು ‘ಅನಿಮಿಷ’ರೆಂದು ಕರೆದರು. ಇಂದಿನ ಭೌತವಿಜ್ಞಾನಿಗಳು ಎಣಿಸುವ ಅಟೋಸೆಕೆಂಡನ್ನು ಕಾಣಲು ಅನಿಮಿಷರ ಕಣ್ಣೂ ಸಾಲದೇನೋ! ಒಂದು ಸೆಕೆಂಡನ್ನು ನೂರು ಕೋಟಿ ಭಾಗ ಮಾಡಿ, ಅದರಲ್ಲೊಂದು ಭಾಗವನ್ನು ಮತ್ತೆ ನೂರು ಕೋಟಿ ಭಾಗ ಮಾಡಿದರೆ ದೊರೆಯುವುದು ಒಂದು ಅಟೋಸೆಕೆಂಡ್. ಬೋರ್ ಚಿತ್ರಿಸಿದ ಹೈಡ್ರೋಜನ್ ಪರಮಾಣುವಿನಲ್ಲಿ ಎಲೆಕ್ಟ್ರಾನು ಒಂದು ಸುತ್ತು ಬರಲು ಸುಮಾರು 150 ಅಟೋಸೆಕೆಂಡ್ ಸಾಕು.

ನನ್ನ ತರಗತಿಯಲ್ಲಿ ಕುಳಿತವರಿಗೆ ದ್ಯುತಿವಿದ್ಯುತ್ ಪರಿಣಾಮದ ಪಾಠ ನೆನಪಿರಬಹುದು. ಬೆಳಕು ಬಿದ್ದೊಡನೆ ಎಲೆಕ್ಟ್ರಾನು ‘ತತ್‌ಕ್ಷಣ’ ಹೊರಬೀಳುತ್ತದೆ ಎಂದಿತ್ತು ಪಠ್ಯ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, “ತತ್‌ಕ್ಷಣವೆಂದರೆ ಎಷ್ಟು ಹೊತ್ತು ಸಾರ್?” ಎಂದಳು. ಅದನ್ನಳೆಯುವ ಗಡಿಯಾರ ಜಗತ್ತಿನಲ್ಲೆಲ್ಲೂ ಇನ್ನೂ ಇಲ್ಲ ಎಂದೆ. ಅಂದಿಗೆ ಅದೇ ಸತ್ಯ. ಮರುವರ್ಷ ಆಕೆ ಶಾಲೆಗೆ ಬರಲಿಲ್ಲ, ಮದುವೆಯಾಯಿತೆಂದು ಕೇಳಿದೆ. ಪ್ರಶ್ನೆ ಮಾತ್ರ ನನ್ನೊಡನೆ ಉಳಿಯಿತು.

ಆ ಗಡಿಯಾರದ ಬೀಜ ಮೊಳೆತದ್ದು 1987ರಲ್ಲಿ, ಫ್ರಾನ್ಸಿನ ಸಾಕ್ಲೆಯಲ್ಲಿ. ಆನ್ ಲುಯಿಲಿಯೆ ಮತ್ತು ಸಂಗಡಿಗರು ತೀವ್ರವಾದ ಅವಕೆಂಪು ಲೇಸರ್ ಬೆಳಕನ್ನು ಆರ್ಗಾನ್‌ನಂತಹ ಜಡ ಅನಿಲದೊಳಗೆ ಹಾಯಿಸಿದರು. ತಂಬೂರಿಯ ತಂತಿ ಮೀಟಿದಾಗ ಮೂಲಸ್ವರದೊಡನೆ ಅನುಸ್ವರಗಳು ಹೊಮ್ಮುವಂತೆ, ಮೂಲ ಬೆಳಕಿನ ಆವೃತ್ತಿಯ ಹಲವು ಮಡಿ ಆವೃತ್ತಿಯ ಬೆಳಕುಗಳು ಹೊರಬಂದವು. ಮೇಲೇರಿದಂತೆ ಅವು ಕ್ಷೀಣಿಸುತ್ತಲೇ ಹೋಗಬೇಕಿತ್ತು. ಹಾಗಾಗದೆ, ಬಹಳಷ್ಟು ಸಮಾನ ಬಲದಲ್ಲಿಯೇ ನಿಂತವು.

ಕಾರಣವು 1993ರ ಹೊತ್ತಿಗೆ ಸ್ಪಷ್ಟವಾಯಿತು. ಬೆಳಕಿನ ಪ್ರಬಲ ವಿದ್ಯುತ್ ಕ್ಷೇತ್ರವು ಬೀಜದ ಹಿಡಿತವನ್ನು ಸಡಿಲಿಸಿ ಎಲೆಕ್ಟ್ರಾನನ್ನು ಹೊರಗೆಳೆಯುತ್ತದೆ. ಮರುಗಳಿಗೆಯಲ್ಲಿ ಕ್ಷೇತ್ರದ ದಿಕ್ಕು ತಿರುಗುತ್ತದೆ. ಹಗ್ಗ ಬಿಚ್ಚಿದ ಕರು ತಾಯಿಯತ್ತ ಧಾವಿಸುವಂತೆ ಎಲೆಕ್ಟ್ರಾನು ಮರಳಿ, ಓಟದಲ್ಲಿ ಗಳಿಸಿದ ಶಕ್ತಿಯನ್ನು ಅತಿನೇರಳೆಯ ಒಂದು ಮಿಂಚಾಗಿ ಚೆಲ್ಲುತ್ತದೆ. ಆ ಮಿಂಚಿನ ಆಯಸ್ಸು ಅಟೋಸೆಕೆಂಡುಗಳಷ್ಟೇ.

ಅದನ್ನಳೆದು ತೋರಿಸಲು 2001 ಬರಬೇಕಾಯಿತು. ಪಿಯರ್ ಅಗೋಸ್ತಿನಿ 250 ಅಟೋಸೆಕೆಂಡಿನ ಮಿಂಚುಗಳ ಸಾಲನ್ನು ತೋರಿಸಿದರು. ಫೆರೆನ್ಸ್ ಕ್ರೌಸ್ 650 ಅಟೋಸೆಕೆಂಡಿನ ಒಂಟಿ ಮಿಂಚನ್ನು ಪ್ರತ್ಯೇಕಿಸಿದರು. 2010ರಲ್ಲಿ ಕ್ರೌಸ್ ತಂಡವು ನಿಯಾನ್ ಪರಮಾಣುವಿನ ಎರಡು ಕಕ್ಷಕಗಳ ಎಲೆಕ್ಟ್ರಾನುಗಳು ಒಟ್ಟಿಗೆ ಹೊರಬೀಳದೆ, ಸುಮಾರು 20 ಅಟೋಸೆಕೆಂಡಿನಷ್ಟು ಹಿಂದುಮುಂದಾಗಿ ಹೊರಬೀಳುತ್ತವೆಂದು ಕಂಡಿತು. ಈ ಅಂತರವು ಸಿದ್ಧಾಂತದ ಲೆಕ್ಕಕ್ಕೆ ಹೊಂದದೆ ಬಹುಕಾಲ ಕಾಡಿತು. 2017ರಲ್ಲಿ ಲುಯಿಲಿಯೆ ಅವರ ತಂಡ ತೊಡಕನ್ನು ಬಿಡಿಸಿತು. ‘ತತ್‌ಕ್ಷಣ’ದೊಳಗೂ ಮೊದಲು, ಆಮೇಲೆ ಎಂಬುದುಂಟು. ಆ ಹುಡುಗಿ ಕೇಳಿದ ಪ್ರಶ್ನೆಗೆ ಇದು ಉತ್ತರದ ಮೊದಲ ಕಂತು. ಆಕೆಯನ್ನು ಬಲ್ಲವರು ಯಾರಾದರೂ ಇದನ್ನೋದಿದರೆ ದಯಮಾಡಿ ತಿಳಿಸಿ.

2023ರಲ್ಲಿ ಈ ಮೂವರಿಗೂ ನೊಬೆಲ್ ಬಂದಿತು. ಅಕ್ಟೋಬರ್ 3ರಂದು ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾನಿಲಯದಲ್ಲಿ ಲುಯಿಲಿಯೆ ಪಾಠ ಮಾಡುತ್ತಿದ್ದರು. ಬಿಡುವಿನಲ್ಲಿ ದೂರವಾಣಿ ಕರೆಗೆ ಓಗೊಟ್ಟು ಸುದ್ದಿ ತಿಳಿದರು. ತರಗತಿಗೆ ಹಿಂದಿರುಗಿ ಉಳಿದ ಪಾಠವನ್ನು ಮುಗಿಸಿದರು. ಭೌತವಿಜ್ಞಾನದ ನೊಬೆಲ್ ಪಡೆದ ಮಹಿಳೆಯರಲ್ಲಿ ಅವರು ಐದನೆಯವರು. ನಿಮ್ಮಲ್ಲಿ ಈಗ ಉಪಾಧ್ಯಾಯರಾಗಿರುವವರಿಗೆ, ಹೆಣ್ಣುಮಕ್ಕಳ ತಂದೆತಾಯಿಯರಾಗಿರುವವರಿಗೆ ನಾನು ಇದಕ್ಕಿಂತ ಹೆಚ್ಚೇನೂ ಹೇಳಬೇಕಾಗಿಲ್ಲ.