ಹತ್ತು ವರ್ಷಗಳ ನಿಕ್ಷೇಪ

ವಿಶ್ವಸಂಸ್ಥೆಯ ಆರು ಪ್ರಧಾನ ಅಂಗಗಳಲ್ಲೊಂದಾದ ಟ್ರಸ್ಟೀಶಿಪ್ ಕೌನ್ಸಿಲ್‌ಗೆ ಕನ್ನಡದ ಪಠ್ಯಪುಸ್ತಕಗಳು ಕೊಟ್ಟ ಹೆಸರು ‘ಧರ್ಮದರ್ಶಿ ಸಮಿತಿ’. ದೇಗುಲದ ಸೊತ್ತನ್ನು ನೋಡಿಕೊಳ್ಳುವವನು ಧರ್ಮದರ್ಶಿ, ಸೊತ್ತು ಅವನದಲ್ಲ. ಮಾತು ಸೊಗಸಾಗಿಯೇ ಇದೆ. ಆದರೆ ವಸಾಹತುಗಳ ಪ್ರಸಂಗಕ್ಕೆ ಅದಕ್ಕಿಂತ ಹಳೆಯದಾದ ‘ನಿಕ್ಷೇಪ’ವೆಂಬ ಶಬ್ದ ಹೆಚ್ಚು ಒಪ್ಪುತ್ತದೆ. ಮನುಸ್ಮೃತಿಯ ಹದಿನೆಂಟು ವ್ಯವಹಾರಪದಗಳಲ್ಲಿ ಋಣಾದಾನದ ಬೆನ್ನಿಗೇ ಬರುವುದು ನಿಕ್ಷೇಪ. ಒಬ್ಬನು ನಂಬಿ ಇಟ್ಟದ್ದನ್ನು ಅವನು ಕೇಳಿದಾಗ ಇಟ್ಟಂತೆಯೇ ಹಿಂದಿರುಗಿಸಬೇಕು. ಒಡೆಯನು ಇಡದೆ, ಒಡೆಯನ ಮಾತಿಗೆ ಕಿವಿಗೊಡದೆ, ಮೂರನೆಯವರೇ ಕೈಬದಲಿಸಿದ ಸೊತ್ತಿಗೆ ಆ ಹೆಸರು ಸಲ್ಲುವುದೆ? ಇಟಾಲಿಯನ್ ಸೋಮಾಲಿಲ್ಯಾಂಡಿನ ಕಥೆ ಈ ಪ್ರಶ್ನೆಯನ್ನು ಎತ್ತುತ್ತದೆ.

1947ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನಲ್ಲಿ ಸಹಿಯಾದ ಶಾಂತಿ ಒಪ್ಪಂದದಂತೆ ಇಟಲಿಯು ಲಿಬಿಯಾ, ಎರಿಟ್ರಿಯಾ, ಸೋಮಾಲಿಲ್ಯಾಂಡ್ ಮೂರರ ಮೇಲಿನ ಹಕ್ಕನ್ನೂ ಬಿಟ್ಟುಕೊಟ್ಟಿತು. ಬ್ರಿಟನ್, ಫ್ರಾನ್ಸ್, ಅಮೆರಿಕ, ಸೋವಿಯತ್ ಒಕ್ಕೂಟಗಳು ಒಂದು ವರ್ಷದೊಳಗೆ ಅವುಗಳ ಗತಿಯನ್ನು ನಿರ್ಧರಿಸಬೇಕು, ಆಗದಿದ್ದರೆ ಸಾಮಾನ್ಯ ಸಭೆಗೆ ಒಪ್ಪಿಸಬೇಕು ಎಂಬುದು ಷರತ್ತು. 1941ರಿಂದ ಸೋಮಾಲಿಲ್ಯಾಂಡನ್ನು ಆಳುತ್ತಿದ್ದುದು ಬ್ರಿಟಿಷ್ ಸೇನಾಡಳಿತ. 1948ರ ಜನವರಿಯಲ್ಲಿ ನಾಲ್ಕು ರಾಷ್ಟ್ರಗಳ ವಿಚಾರಣಾ ಆಯೋಗವು ಮೊಗದಿಶುವಿಗೆ ಬಂದಿದ್ದಾಗಲೇ, 11ನೆಯ ತಾರೀಖಿನಂದು ನಗರದಲ್ಲಿ ಗಲಭೆಯೆದ್ದು 50ಕ್ಕೂ ಹೆಚ್ಚು ಇಟಾಲಿಯನ್ನರೂ ಹಲವು ಸೋಮಾಲಿಗಳೂ ಸತ್ತರು. 1943ರಲ್ಲಿ ಹದಿಮೂರು ಜನರಿಂದ ಆರಂಭವಾಗಿದ್ದ ಸೋಮಾಲಿ ಯುವಜನ ಕೂಟವು ಅಷ್ಟರಲ್ಲಿ ಸೋಮಾಲಿ ಯೂತ್ ಲೀಗ್ ಆಗಿ ಬೆಳೆದಿತ್ತು. ಅದರ ಬೇಡಿಕೆ ಸ್ಪಷ್ಟವಾಗಿತ್ತು: ಇಟಲಿ ಮಾತ್ರ ಮರಳಿ ಬರಕೂಡದು. ಒಡೆಯನ ಮಾತು ಯಾರಿಗೂ ಕೇಳಿಸಲಿಲ್ಲವೆಂದು ಹೇಳುವಂತಿಲ್ಲ. ಕೇಳಿಸಿತು, ಕಡತಕ್ಕೂ ಸೇರಿತು.

ಆದರೆ ರಾಜತಂತ್ರದ ಲೆಕ್ಕ ಬೇರೆಯಾಗಿತ್ತು. ಸೋತ ಇಟಲಿಯನ್ನು ಪಶ್ಚಿಮದ ಬಣದಲ್ಲಿ ಉಳಿಸಿಕೊಳ್ಳಬೇಕು. ಲ್ಯಾಟಿನ್ ಅಮೆರಿಕದ ದೇಶಗಳ ಮತಗಳು ಇಟಲಿಯ ಬೆನ್ನಿಗಿವೆ. ಬ್ರಿಟನ್ನಿಗೆ ಸೈರೆನೇಕಾ ಬೇಕು. 1949ರ ಮೇ ತಿಂಗಳಲ್ಲಿ ಬ್ರಿಟನ್ನಿನ ವಿದೇಶಾಂಗ ಸಚಿವ ಅರ್ನೆಸ್ಟ್ ಬೆವಿನ್, ಇಟಲಿಯ ಕಾರ್ಲೊ ಸ್ಫೋರ್ಝಾ ಇಬ್ಬರೂ ಕೂಡಿ ಹೊಸೆದ ಯೋಜನೆ ಈ ಲೆಕ್ಕದ ಶಿಶು: ಸೈರೆನೇಕಾ ಬ್ರಿಟನ್ನಿಗೆ, ಫೆಝಾನ್ ಫ್ರಾನ್ಸಿಗೆ, ಟ್ರಿಪೊಲಿಟೇನಿಯಾ ಮತ್ತು ಸೋಮಾಲಿಲ್ಯಾಂಡ್ ಇಟಲಿಗೆ. ಎಲ್ಲದಕ್ಕೂ ಇದ್ದ ಹೆಸರು ಒಂದೇ, ಟ್ರಸ್ಟೀಶಿಪ್! ಅಣ್ಣತಮ್ಮಂದಿರ ಪಾಲುಪಟ್ಟಿಗೆ ದತ್ತಿಪತ್ರವೆಂಬ ತಲೆಬರಹ ಕೊಟ್ಟಂತೆ. ಸಾಮಾನ್ಯ ಸಭೆಯಲ್ಲಿ ಟ್ರಿಪೊಲಿಟೇನಿಯಾದ ಕಲಮಿಗೆ 33 ಮತಗಳು ಪರವಾಗಿಯೂ 17 ವಿರುದ್ಧವಾಗಿಯೂ ಬಿದ್ದವು. ಮೂರನೆಯ ಎರಡರಷ್ಟು ಬಹುಮತಕ್ಕೆ ಒಂದೇ ಮತ ಕಡಿಮೆ. ಹೈಟಿಯ ಪ್ರತಿನಿಧಿ ಎಮಿಲ್ ಸಾಂ-ಲೋ ವಿರುದ್ಧ ಮತ ಹಾಕಿದ್ದರು. ಗುಲಾಮರು ದಂಗೆಯೆದ್ದು ಕಟ್ಟಿದ ದೇಶದ ಪ್ರತಿನಿಧಿ ಅವರು ಎಂಬುದನ್ನು ಮರೆಯಲಾಗದು. ಆ ಕಲಮು ಬಿದ್ದ ಮೇಲೆ ಇಡೀ ಯೋಜನೆ ಕುಸಿಯಿತು.

ಅದೇ ವರ್ಷದ ನವೆಂಬರ್ 21ರಂದು ಸಭೆಯು 289ನೆಯ ನಿರ್ಣಯವನ್ನು ಅಂಗೀಕರಿಸಿತು. ಲಿಬಿಯಾ 1952ರ ಜನವರಿ 1ಕ್ಕೆ ಮೀರದಂತೆ ಸ್ವತಂತ್ರವಾಗಬೇಕು. ಸೋಮಾಲಿಲ್ಯಾಂಡಿಗೆ ಮಾತ್ರ ಇಟಲಿಯೇ ಮತ್ತೆ ಗಂಟುಬಿದ್ದಿತು. ಅದೂ ಇಟಲಿಯಿನ್ನೂ ವಿಶ್ವಸಂಸ್ಥೆಯ ಸದಸ್ಯನೇ ಅಲ್ಲದಿದ್ದ ಕಾಲದಲ್ಲಿ. ಆದರೂ ಈ ನಿರ್ಣಯ ಮೇ ತಿಂಗಳ ಪಾಲುಪಟ್ಟಿಯಲ್ಲ. ಹತ್ತು ವರ್ಷಗಳ ಅವಧಿಯನ್ನು ಅದು ನಮೂದಿಸಿತು. ಟ್ರಸ್ಟೀಶಿಪ್ಪಿಗೆ ಒಳಪಟ್ಟ ಹನ್ನೊಂದು ಪ್ರದೇಶಗಳಲ್ಲಿ ಮೊದಲೇ ಗಡುವು ನಿಗದಿಯಾದದ್ದು ಇದೊಂದಕ್ಕೇ. ಇಟಲಿಯ ಮೇಲೆ ಕಣ್ಣಿಡಲು ಕೊಲಂಬಿಯಾ, ಈಜಿಪ್ಟ್, ಫಿಲಿಪ್ಪೀನ್ಸ್‌ಗಳ ಸಲಹಾ ಮಂಡಳಿ ಮೊಗದಿಶುವಿನಲ್ಲೇ ಕೂತಿತು. ಇನ್ನೊಂದು ಷರತ್ತು ಭಾರತದ್ದು: ಒಪ್ಪಂದಕ್ಕೆ ಸಂವಿಧಾನ ತತ್ತ್ವಗಳ ಘೋಷಣೆಯೊಂದು ಅನುಬಂಧವಾಗಿರಬೇಕು, ಅದನ್ನು ರಚಿಸುವಾಗ ಭಾರತದ ನಿಯೋಗ ಮುಂದಿಟ್ಟ ಕರಡು ಮಾರ್ಗದರ್ಶಿಯಾಗಬೇಕು.

ಆಗ ಆ ನಿಯೋಗದಲ್ಲಿದ್ದವರು ಮಂಗಳೂರಿನ ಬೆನಗಲ್ ನರಸಿಂಗರಾವ್, ಭಾರತದ ಸಂವಿಧಾನ ಸಭೆಯ ಸಲಹೆಗಾರರಾಗಿದ್ದವರು. ನಿರ್ಣಯವಾದ ಐದೇ ದಿನಕ್ಕೆ, ನವೆಂಬರ್ 26ರಂದು, ದೆಹಲಿಯಲ್ಲಿ ಭಾರತದ ಸಂವಿಧಾನ ಅಂಗೀಕಾರವಾಯಿತು. ಸೋಮಾಲಿಲ್ಯಾಂಡಿನ ಅನುಬಂಧದ ಮೊದಲ ವಿಧಿಯ ತಾತ್ಪರ್ಯ ಇದು: ಪರಮಾಧಿಕಾರ ಆ ನೆಲದ ಜನರದು, ಇಟಲಿ ಅದನ್ನು ಅವರ ಪರವಾಗಿ ಚಲಾಯಿಸತಕ್ಕದ್ದು, ಅಷ್ಟೆ. ನಿಕ್ಷೇಪದ ನ್ಯಾಯ ಕಾಗದದ ಮೇಲೆ ಬಂದದ್ದು ಈ ಒಂದು ವಾಕ್ಯದಲ್ಲಿ. ಒಡೆಯನು ಯಾರೆಂದು ಬರೆದಿಡದ ಠೇವಣಿಗೂ ಬರೆದಿಟ್ಟ ಠೇವಣಿಗೂ ಇರುವ ಅಂತರ ಸಣ್ಣದಲ್ಲ.

1950ರ ಏಪ್ರಿಲ್ 1ರಂದು ಇಟಲಿ ಆಡಳಿತ ವಹಿಸಿಕೊಂಡಿತು. 1956ರ ಚುನಾವಣೆಯಲ್ಲಿ 60 ಸ್ಥಾನಗಳ ಪೈಕಿ 43ನ್ನು ಯೂತ್ ಲೀಗ್ ಗೆದ್ದಿತು. ಇಟಲಿ ಮರಳಕೂಡದೆಂದು ವಿಶ್ವಸಂಸ್ಥೆಯ ಮುಂದೆ ವಾದಿಸಿದ್ದ ಅಬ್ದುಲ್ಲಾಹಿ ಇಸ್ಸಾ ಇಟಲಿಯ ಆಡಳಿತದಡಿಯಲ್ಲೇ ಪ್ರಧಾನಿಯಾದರು. ಇತಿಹಾಸದ ಇಂಥ ವಿನೋದಗಳನ್ನು ಕಾದಂಬರಿಕಾರನು ಬರೆದರೆ ಓದುಗರು ನಂಬುವುದಿಲ್ಲ. ಗಡುವಿಗಿಂತ ಐದು ತಿಂಗಳು ಮೊದಲೇ, 1960ರ ಜುಲೈ 1ರಂದು, ದೇಶ ಸ್ವತಂತ್ರವಾಯಿತು. ನಾಲ್ಕೈದು ದಿನ ಹಿಂದೆ ಬಿಡುಗಡೆ ಪಡೆದಿದ್ದ ಬ್ರಿಟಿಷ್ ಸೋಮಾಲಿಲ್ಯಾಂಡ್ ಅಂದೇ ಅದರೊಡನೆ ಕೂಡಿಕೊಂಡಿತು.

ಅವಧಿ ಬರೆದಿತ್ತು, ಒಡೆತನ ಬರೆದಿತ್ತು. ಸೊತ್ತಿನ ಚೆಕ್ಕುಬಂದಿ ಬರೆದಿರಲಿಲ್ಲ. ಇಥಿಯೋಪಿಯದೊಂದಿಗಿನ ಗಡಿಯನ್ನು ಗುರುತಿಸುವ ಮಾತು ನಿರ್ಣಯದ ಕಾಲದಿಂದಲೂ ಇದ್ದೇ ಇತ್ತು. ಬ್ರಿಟಿಷರು ಹೊರಡುವಾಗ 1950ರಲ್ಲಿ ತಾತ್ಕಾಲಿಕವೆಂದು ಒಂದು ಗೆರೆ ಎಳೆದರು. ಹತ್ತು ವರ್ಷ ಮಾತುಕತೆ ನಡೆದು ಮುರಿಯಿತು. ಟ್ರಸ್ಟೀಶಿಪ್ಪಿನ ನಡುವೆ, 1954ರಲ್ಲಿ, ಸ್ವೀಕರಿಸಿದ ಬಾವುಟದ ನಕ್ಷತ್ರಕ್ಕೆ ಐದು ಮೂಲೆ, ಸೋಮಾಲಿಗಳು ನೆಲೆಸಿದ ಐದು ಸೀಮೆಗಳಿಗಾಗಿ. 1960ರಲ್ಲಿ ಕೂಡಿದ್ದು ಎರಡು. ಓಗದೆನ್ ಆ ತಾತ್ಕಾಲಿಕ ಗೆರೆಯ ಆಚೆಗೇ ಉಳಿಯಿತು. 1977ರಲ್ಲಿ ಸೋಮಾಲಿ ಸೈನ್ಯ ಅದನ್ನು ದಾಟಿತು.