ದೂರದ ಕಣ್ಣು

ಕೆಲಸದಿಂದ ನಿವೃತ್ತನಾದ ಮೇಷ್ಟರು ಮುಂದೆ ಏನು ಮಾಡಬೇಕೆಂಬುದನ್ನು ನಮ್ಮ ಬಂಧುವರ್ಗದವರು ಮೊದಲೇ ಗೊತ್ತುಮಾಡಿಟ್ಟಿದ್ದರು. ಬೆಳಗ್ಗೆ ವಾಯುಸೇವನೆ, ಮಧ್ಯಾಹ್ನ ನಿದ್ರೆ, ಸಾಯಂಕಾಲ ದೇವಸ್ಥಾನದ ಜಗಲಿ. ಇವು ಮೂರನ್ನೂ ಬಿಟ್ಟು ನಾನು ೨೦೧೬ನೆಯ ಇಸವಿಯಲ್ಲಿ ಒಂದು ಕ್ಯಾಮರಾವನ್ನು ಕೊಂಡುತಂದಾಗ ಮನೆಯಲ್ಲಿ ಆದ ಆಶ್ಚರ್ಯವು ಸಾಮಾನ್ಯವಲ್ಲ. ನನ್ನಾಕೆಯು ಅದನ್ನು ಕೈಯಲ್ಲಿ ಹಿಡಿದು ತೂಗಿ, "ಒಂದು ಕಿಲೋ ಅಕ್ಕಿಗೆ ಸ್ವಲ್ಪ ಕಡಮೆ ಇದೆ. ಬೆಲೆಗೆ ಮಾತ್ರ ವರ್ಷದ ಅಕ್ಕಿ ಬರುತ್ತಿತ್ತು" ಎಂದಳು. ತೂಕದ ವಿಷಯದಲ್ಲಿ ಅವಳ ಕೈ ತಪ್ಪುವುದಿಲ್ಲ. ಅದರ ಭಾರ ೮೯೯ ಗ್ರಾಂ.

ಅದು ನಿಕಾನ್ ಕಂಪನಿಯವರು ೨೦೧೫ರಲ್ಲಿ ಹೊರತಂದ ಪಿ ೯೦೦ ಎಂಬ ಯಂತ್ರ. ಇದರ ಮಸೂರವು ಮುಂದಕ್ಕೆ ಚಾಚಿಕೊಂಡಿತೆಂದರೆ ದೂರದ ವಸ್ತುವನ್ನು ೮೩ ಪಟ್ಟು ಹತ್ತಿರಕ್ಕೆ ಎಳೆದು ತರುತ್ತದೆ. ಹಳೆಯ ಫಿಲಂ ಕ್ಯಾಮರಾದ ಲೆಕ್ಕದಲ್ಲಿ ಹೇಳುವುದಾದರೆ ೨೪ ಮಿಲಿಮೀಟರಿನಿಂದ ೨೦೦೦ ಮಿಲಿಮೀಟರಿನವರೆಗೆ. ಅಂತಹ ಮಸೂರವನ್ನು ಹಿಂದೆ ಹೊರಬೇಕಾಗಿದ್ದರೆ ಇಬ್ಬರು ಆಳುಗಳು ಬೇಕಾಗುತ್ತಿದ್ದರು. ಇಷ್ಟು ಚಿಕ್ಕ ಡಬ್ಬಿಯಲ್ಲಿ ಅದು ಹೇಗೆ ಅಡಗಿತು? ಗುಟ್ಟೇನೆಂದರೆ, ಒಳಗೆ ಬೆಳಕನ್ನು ಹಿಡಿಯುವ ಬಿಲ್ಲೆಯು ಬಹಳ ಕಿರಿದು. ಸುಮಾರು ೬ ಮಿಲಿಮೀಟರು ಅಗಲ, ಅದಕ್ಕಿಂತಲೂ ಕಡಮೆ ಎತ್ತರ. ಬಿಲ್ಲೆ ಚಿಕ್ಕದಾದಷ್ಟೂ ಚಿಕ್ಕ ಮಸೂರವೇ ದೂರವನ್ನು ಮುಟ್ಟಬಲ್ಲುದು. ಆದರೆ ಪ್ರಕೃತಿಯು ಯಾವುದನ್ನೂ ಪುಕ್ಕಟೆಯಾಗಿ ಕೊಡುವವಳಲ್ಲ. ಬಿಲ್ಲೆ ಕಿರಿದಾದುದರಿಂದ ಬೆಳಕೂ ಕಡಮೆ. ಹೊತ್ತು ಇಳಿದ ಮೇಲೆ ತೆಗೆದ ಹಕ್ಕಿಯ ಚಿತ್ರವು ರವೆಯನ್ನು ಚೆಲ್ಲಿದಂತೆ ಕಾಣುತ್ತದೆ.

ಮೊದಲ ದಿನವೇ ಮಹಡಿಯನ್ನು ಹತ್ತಿ ಚಾಮುಂಡಿಬೆಟ್ಟದ ಕಡೆಗೆ ತಿರುಗಿಸಿದೆನು. ನಮ್ಮ ಮನೆಗೂ ಬೆಟ್ಟಕ್ಕೂ ನಡುವೆ ಅರ್ಧ ಮೈಸೂರೇ ಇದೆ. ಆದರೂ ಗೋಪುರದ ನೆತ್ತಿಯ ಏಳು ಕಲಶಗಳನ್ನು ಒಂದೊಂದಾಗಿ ಎಣಿಸಿದೆನು. ಸಂಭ್ರಮದಿಂದ ನನ್ನಾಕೆಯನ್ನು ಕೂಗಿ ಕರೆದು ತರುವಷ್ಟರಲ್ಲಿ ಬಿಸಿಲೇರಿ, ಕಾದ ಗಾಳಿಯ ಹಿಂದೆ ಗೋಪುರವು ನೀರಿನೊಳಗಿನ ನೆರಳಿನಂತೆ ನಡುಗತೊಡಗಿತು. "ದೇವಸ್ಥಾನ ಕುಣಿಯುತ್ತಿದೆಯಲ್ಲ!" ಎಂದು ಅವಳು ಇಳಿದುಹೋದಳು. ಮಳೆ ಬಂದು ನಿಂತ ಮಾರನೆಯ ಬೆಳಗ್ಗೆ ದೂರದ ಚಿತ್ರಗಳಿಗೆ ಯೋಗ್ಯವಾದ ಕಾಲವೆಂಬುದನ್ನು ನಾನು ಕಲಿತುದು ಆಮೇಲೆ.

ಚಂದ್ರನ ಮಾತನ್ನು ಹೇಳದೆ ಬಿಡಲಾರೆನು. ಹುಣ್ಣಿಮೆಯ ದಿನ ಅವನು ದೋಸೆಯಂತೆ ಚಪ್ಪಟೆ. ಅಷ್ಟಮಿಯ ಸುಮಾರಿಗೆ ನೋಡಬೇಕು. ಆಗ ಬೆಳಕು ಅಡ್ಡವಾಗಿ ಬಿದ್ದು, ಕತ್ತಲೆ ಬೆಳಕುಗಳು ಸೇರುವ ಗೆರೆಯಲ್ಲಿ ಒಂದೊಂದು ಕುಳಿಗೂ ಉದ್ದವಾದ ನೆರಳು ಮೂಡಿ, ಅವುಗಳ ಅಂಚುಗಳು ಎದ್ದುನಿಲ್ಲುತ್ತವೆ. ಮಸೂರವನ್ನು ಪೂರ್ತಿಯಾಗಿ ಚಾಚಿ ಮುಕ್ಕಾಲಿಯ ಮೇಲೆ ನಿಲ್ಲಿಸಿದರೂ ಚಂದ್ರನು ನಿಂತಲ್ಲಿ ನಿಲ್ಲನು; ಒಂದೆರಡು ನಿಮಿಷಗಳಲ್ಲಿ ಮೆಲ್ಲಗೆ ಜಾರಿ ಚೌಕಟ್ಟಿನ ಅಂಚನ್ನು ದಾಟುವನು. ಮೂವತ್ತೆರಡು ವರ್ಷ ಮಕ್ಕಳಿಗೆ ಭೂಮಿಯು ತಿರುಗುತ್ತದೆಂದು ಪಾಠ ಹೇಳಿದವನು ನಾನು. ಅದು ತಿರುಗುವುದನ್ನು ಕಂಡುದು ಅಂದೇ ಮೊದಲು. ಗುರುಗ್ರಹದ ಪಕ್ಕದಲ್ಲಿ ಸಾಸುವೆಯ ಕಾಳುಗಳಂತೆ ನಾಲ್ಕು ಚುಕ್ಕಿಗಳು ಸಿಕ್ಕಿದುವು. ೧೬೧೦ನೆಯ ಇಸವಿಯ ಜನವರಿಯಲ್ಲಿ ಗೆಲಿಲಿಯೋ ಕಂಡುದು ಅವನ್ನೇ.

ಇಲ್ಲಿಯವರೆಗಿನದು ಸಂತೋಷದ ಮಾತು. ಇನ್ನು ಮುಂದಿನದನ್ನು ಬರೆಯಬೇಕೇ ಬೇಡವೇ ಎಂದು ಬಹಳ ದಿನ ಯೋಚಿಸಿದೆನು.

ನಮ್ಮ ಮನೆಯಿಂದ ಮೂರು ಬೀದಿಯಾಚೆ ನನ್ನ ಬಾಲ್ಯಸ್ನೇಹಿತನೊಬ್ಬನು ಇದ್ದಾನೆ. ಒಂದೇ ಊರು, ಒಂದೇ ಶಾಲೆ, ಒಂದೇ ಹಾಸ್ಟೆಲಿನ ಅನ್ನ. ಆದರೆ ನಮ್ಮ ಹುಡುಗನಿಗೆ ಅವನ ತಂಗಿಯ ಮಗಳನ್ನು ತಂದುಕೊಳ್ಳುವ ಮಾತು ಎದ್ದು, ಮುರಿದು, ಎರಡು ಮನೆಗಳಲ್ಲಿಯೂ ಆಡಬಾರದ ಮಾತುಗಳನ್ನು ಆಡಿದುದಾಯಿತು. ಹುಡುಗ ಹುಡುಗಿಯರು ಬೇರೆ ಬೇರೆ ಕಡೆ ಮದುವೆಯಾಗಿ ಸುಖವಾಗಿದ್ದಾರೆ. ನಾವಿಬ್ಬರು ಮುದುಕರು ಮಾತ್ರ ಆರು ವರ್ಷ ಮಾತು ಬಿಟ್ಟಿದ್ದೆವು.

ಅವನ ಮನೆಯ ಹಿಂದಿನ ಮಳೆಮರದಲ್ಲಿ ಆ ವರ್ಷ ಹದ್ದು ಗೂಡು ಕಟ್ಟಿತು. ಫೆಬ್ರವರಿಯ ಒಂದು ಬೆಳಗ್ಗೆ ನಾನು ನಮ್ಮ ಮಹಡಿಯಿಂದ ಅದನ್ನು ನೋಡುತ್ತಿದ್ದೆನು. ಹದ್ದು ಎದ್ದು ಹಾರಿತು. ಅದರ ಹಿಂದೆಯೇ ಯಂತ್ರವನ್ನು ತಿರುಗಿಸಿದೆನು. ಅಷ್ಟು ದೂರ ಚಾಚಿದ ಮಸೂರಕ್ಕೆ ಆಕಾಶವೆಂದರೆ ಅಂಗೈಯಗಲ. ಹದ್ದು ತಪ್ಪಿಹೋಯಿತು, ಚೌಕಟ್ಟಿನಲ್ಲಿ ನನ್ನ ಗೆಳೆಯನು ನಿಂತಿದ್ದನು.

ಅವನು ಎಡಗೈಯಿಂದ ತನ್ನ ಬಲಗೈಯನ್ನು, ಯಾರದೋ ವಸ್ತುವನ್ನು ಎತ್ತುವಂತೆ ಎತ್ತಿ, ಮಹಡಿಯ ಗೋಡೆಯ ಮೇಲೆ ಇಟ್ಟುಕೊಂಡನು. ಅನಂತರ ಒಂದೇ ಕೈಯಿಂದ ಒದ್ದೆಯ ಟವಲನ್ನು ತಂತಿಯ ಮೇಲೆ ಹಾಕಿ ಕ್ಲಿಪ್ಪು ಸಿಕ್ಕಿಸಲು ಹೋದನು. ಟವಲು ಬಿದ್ದಿತು. ಬಗ್ಗಿ ಎತ್ತಿಕೊಂಡನು. ಮತ್ತೆ ಬಿದ್ದಿತು. ಮೂರನೆಯ ಸಲ ಬಿದ್ದಾಗ ನಾನು ಕಣ್ಣು ತೆಗೆದೆನು. ಗುಂಡಿಯನ್ನು ಒತ್ತಲಿಲ್ಲವೆಂದು ಹೇಳಿಕೊಳ್ಳಲು ನನಗೂ ಆಸೆಯೇ. ಆದರೆ ಹದ್ದಿಗೆಂದು ಸಿದ್ಧವಾಗಿದ್ದ ಬೆರಳು ತಾನಾಗಿ ಒತ್ತಿಬಿಟ್ಟಿತ್ತು. ಒಂದಲ್ಲ, ಏಳು ಚಿತ್ರಗಳು. ಅವನ ಮುಖದ ನೆರಿಗೆ ನೆರಿಗೆಯೂ ಅದರಲ್ಲಿ ಸ್ಪಷ್ಟ.

ಚಿತ್ರಗಳನ್ನು ನನ್ನಾಕೆಗೆ ತೋರಿಸಿದೆನು. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮೊದಲು ಇದನ್ನು ಅಳಿಸಿಹಾಕಿ. ಆಮೇಲೆ ಅಂಗಿ ಹಾಕಿಕೊಂಡು ಹೋಗಿಬನ್ನಿ" ಎಂದಳು.

ಬಾಗಿಲು ತೆರೆದವರು ಅವನ ಮನೆಯವರು. "ಬನ್ನಿ" ಎಂದರೇ ಹೊರತು ಮತ್ತೇನೂ ಹೇಳಲಿಲ್ಲ. ಅವನಿಗೆ ಲಕ್ವ ಹೊಡೆದು ಎಂಟು ತಿಂಗಳಾಗಿತ್ತಂತೆ. ಅವನು ಕುರ್ಚಿಯಲ್ಲಿ ಕುಳಿತಿದ್ದನು. "ಯಾರು ಹೇಳಿದರೋ ನಿನಗೆ?" ಎಂದು ಕೇಳಿದನು. ಮಾತು ಸ್ವಲ್ಪ ತೊದಲುತ್ತಿತ್ತು. ಸುಳ್ಳು ಹೇಳಲು ಸುಲಭವಾಗಿತ್ತು. ಹಾಲಿನವನ ಹೆಸರನ್ನು ಹೇಳಬಹುದಾಗಿತ್ತು. ಆದರೆ ಆ ಮುಖದ ಮುಂದೆ ಅದು ಬಾಯಿಗೆ ಬರಲಿಲ್ಲ. ಹದ್ದಿನ ಗೂಡು, ಕ್ಯಾಮರಾ, ಟವಲು, ಎಲ್ಲವನ್ನೂ ಹೇಳಿದೆನು.

"ಇದೇ ಬೀದಿಯಲ್ಲಿ ದಿನಾ ತಲೆ ತಗ್ಗಿಸಿಕೊಂಡು ತರಕಾರಿಗೆ ಹೋಗುತ್ತೀಯೆ. ಆಗ ಕಾಣದ್ದು ಆ ಡಬ್ಬಿಯಲ್ಲಿ ಕಂಡಿತೇ?" ಎಂದನು.

ನನ್ನ ಹತ್ತಿರ ಉತ್ತರವಿರಲಿಲ್ಲ. ಅವನ ಮನೆಯವರು ಕಾಫಿ ತಂದಿಟ್ಟರು. ಸ್ವಲ್ಪ ಹೊತ್ತಾದ ಮೇಲೆ ಅವನೇ, "ಟವಲು ಬಿದ್ದದ್ದನ್ನು ಮಾತ್ರ ನೋಡಿದೆಯೋ, ಸಿಕ್ಕಿಸಿದ್ದನ್ನೂ ನೋಡಿದೆಯೋ?" ಎಂದು ಕೇಳಿದನು.

"ಮೂರು ಸಲ ಬಿದ್ದುದನ್ನು ಕಂಡೆ."

"ನಾಲ್ಕನೆಯ ಸಲ ಸಿಕ್ಕಿಸಿದೆನಪ್ಪಾ. ಅದನ್ನು ನೋಡುವ ತಾಳ್ಮೆ ನಿನಗಿಲ್ಲ. ಪರೀಕ್ಷೆಯ ಕಾಗದದಲ್ಲಿಯೂ ನೀನು ಹೀಗೆಯೇ, ಕೊನೆಯ ಪುಟ ತಿರುವುತ್ತಿರಲಿಲ್ಲ."

ಈಗ ಭಾನುವಾರಗಳಲ್ಲಿ ಕ್ಯಾಮರಾವು ಅವನ ಮಹಡಿಗೆ ಹೋಗುತ್ತದೆ. ದೈವಯೋಗದಿಂದ ಈ ಯಂತ್ರದಲ್ಲಿ ಮಸೂರವನ್ನು ಚಾಚುವ ಕೀಲು ಎರಡು ಕಡೆ ಇದೆ: ಒಂದು ಬಲಗೈಯ ತೋರುಬೆರಳಿಗೆ, ಇನ್ನೊಂದು ಮಸೂರದ ಎಡಮಗ್ಗುಲಿನಲ್ಲಿ. ಕೊಳ್ಳುವಾಗ ಅದು ಏಕಿದೆಯೆಂದು ನಾನು ವಿಚಾರಿಸಿರಲಿಲ್ಲ. ಮುಕ್ಕಾಲಿಯ ಮೇಲೆ ನಿಲ್ಲಿಸಿಕೊಟ್ಟರೆ ಅವನು ಎಡಗೈಯಿಂದಲೇ ದೂರ ಹತ್ತಿರಗಳನ್ನು ಮಾಡಿಕೊಳ್ಳುತ್ತಾನೆ. ಹದ್ದಿನ ಮರಿಗೆ ಬಿಳಿಯ ತುಪ್ಪುಳು ಹೋಗಿ ಕಂದು ಗರಿ ಬಂದುದನ್ನು ಮೊದಲು ಕಂಡವನು ಅವನೇ.

ಹೋದ ವಾರ ಅವನು ಹಕ್ಕಿಯನ್ನು ಬಿಟ್ಟು ಯಂತ್ರವನ್ನು ನಮ್ಮ ಮನೆಯ ಕಡೆಗೆ ತಿರುಗಿಸಿದನು. ಬಹಳ ಹೊತ್ತು ಕಣ್ಣಿಟ್ಟಿದ್ದು, "ಅತ್ತಿಗೆ ಹಪ್ಪಳ ಒಣಗಹಾಕಿ ಒಳಗೆ ಹೋದರು. ಕಾಗೆ ಬಂದು ಕೂತಿದೆ. ಬೇಗ ಫೋನು ಮಾಡೋ" ಎಂದನು.