ಎರಡೂರಿಗೊಂದು ಬೀಗದ ಕೈ

ಮನೆಯಿಂದ ಎರವಲು ಹೋಗಿ ತಿರುಗಿ ಬಾರದ ವಸ್ತುಗಳಲ್ಲಿ ಮೂರು ಹೆಸರುವಾಸಿ: ಪುಸ್ತಕ, ಛತ್ರಿ ಮತ್ತು ಸ್ಪ್ಯಾನರ್. ಮೊದಲೆರಡನ್ನು ಕುರಿತು ನಗೆಬರಹಗಳು ಬೇಕಾದಷ್ಟು ಬಂದಿವೆ. ಮೂರನೆಯದರ ಸಂಕಟ ಬಲ್ಲವರು ಕಡಿಮೆ. ಹಾಗೆ ಬಲ್ಲವರಲ್ಲಿ ಚಾಮರಾಜನಗರದ ಮೇಷ್ಟ್ರೊಬ್ಬರೂ ಸೇರಿದ್ದಾರೆ.

ಐ.ಟಿ.ಐ.ಯಲ್ಲಿ ಮೂವತ್ತು ವರ್ಷ ಫಿಟ್ಟರ್ ವಿಭಾಗದ ಹುಡುಗರಿಗೆ ಅರ ಹಿಡಿಯುವುದನ್ನು ಕಲಿಸಿ ನಿವೃತ್ತರಾದವರು ಅವರು. ಮನೆಯ ಹಿಂದೆ ಹಿಂದೊಮ್ಮೆ ದನ ಕಟ್ಟುತ್ತಿದ್ದ ಕೊಟ್ಟಿಗೆಯಿದೆ. ದನಗಳು ಹೋದ ಮೇಲೆ ಅಲ್ಲಿಗೆ ಒಂದು ಹಳೆಯ ಲೇತ್ ಬಂತು, ಡ್ರಿಲ್ಲಿಂಗ್ ಮೆಷಿನ್ ಬಂತು, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಅಗ್ಗಕ್ಕೆ ತಂದ ಆಸಿಲೋಸ್ಕೋಪೂ ಬಂತು. ಹಿಂದೆಯೇ ಹುಡುಗರು ಬಂದರು. ಡಿಪ್ಲೊಮಾ ಓದುವವರು, ಓದು ಬಿಟ್ಟವರು, ಮೊಬೈಲ್ ರಿಪೇರಿಯವರು ಎಲ್ಲ ಸೇರಿ ಹನ್ನೆರಡು ಮಂದಿ. ತಲೆಗೆ ತಿಂಗಳಿಗೆ ನೂರು ರೂಪಾಯಿ. ಕರೆಂಟ್ ಬಿಲ್ಲಿಗೆ, ಎಣ್ಣೆಗೆ, ಚಹಾಕ್ಕೆ ಸಾಕು. ಮೇಷ್ಟ್ರ ಮನೆಯಾಕೆ ಮಾತ್ರ ಅದನ್ನು ಈಗಲೂ ಕೊಟ್ಟಿಗೆಯೆಂದೇ ಕರೆಯುತ್ತಾರೆ.

ಇಂಥ ಕೊಟ್ಟಿಗೆಗಳಿಗೆ ಹೊರದೇಶಗಳಲ್ಲಿ ಹ್ಯಾಕರ್‌ಸ್ಪೇಸ್ ಎಂಬ ಹೆಸರಿದೆ. ಇಲ್ಲಿ ಹ್ಯಾಕರ್ ಎಂದರೆ ಬ್ಯಾಂಕಿನ ಖಾತೆಗೆ ಕನ್ನ ಹಾಕುವವನಲ್ಲ. ಯಂತ್ರವನ್ನು ಬಿಚ್ಚಿ ನೋಡದೆ ನಿದ್ದೆ ಬಾರದವನು. ಬರ್ಲಿನ್ನಿನ ಸಿ-ಬೇಸ್ 1995ರಷ್ಟು ಹಳೆಯದು. 2007ರ ಬೇಸಗೆಯಲ್ಲಿ ಜರ್ಮನಿಗೆ ಹೋಗಿ ಇಂಥವನ್ನು ಕಂಡುಬಂದ ಕೆಲವು ಅಮೆರಿಕನ್ನರು ನ್ಯೂಯಾರ್ಕಿನಲ್ಲಿ, ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ತಮ್ಮದನ್ನೂ ಕಟ್ಟಿದರು. ಎಲ್ಲರೂ ಚಂದಾ ಹಾಕಿ ಉಪಕರಣ ಕೊಳ್ಳುವುದು, ಎಲ್ಲರೂ ಬಳಸುವುದು, ಬಲ್ಲವನು ಬಾರದವನಿಗೆ ಹೇಳಿಕೊಡುವುದು. ಒಂದೂರಿನ ಸದಸ್ಯ ಇನ್ನೊಂದೂರಿಗೆ ಹೋದರೆ? ಸ್ಯಾನ್‌ಫ್ರಾನ್ಸಿಸ್ಕೋದ ನಾಯ್ಸ್‌ಬ್ರಿಡ್ಜ್ ಕಟ್ಟಿದವರಲ್ಲೊಬ್ಬರಾದ ಮಿಚ್ ಆಲ್ಟ್‌ಮನ್ ಇದಕ್ಕೆಂದು ಪಾಸ್‌ಪೋರ್ಟಿನಂಥ ಪುಟ್ಟ ಪುಸ್ತಕವೊಂದನ್ನು ಬಳಕೆಗೆ ತಂದರು. ಹೋದ ಕಡೆಯೆಲ್ಲ ಅದಕ್ಕೊಂದು ಮುದ್ರೆ ಒತ್ತಿಸಿಕೊಳ್ಳುವುದು. ಅದು ಕಾನೂನಿನ ಕಾಗದವಲ್ಲ, ನೆಂಟಸ್ತಿಕೆಯ ಗುರುತು.

ಮೇಷ್ಟ್ರ ಹಳೆಯ ಶಿಷ್ಯನೊಬ್ಬ ಗುಂಡ್ಲುಪೇಟೆಯಲ್ಲಿ ಮೋಟಾರ್ ರೀವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಅಂಗಡಿಯ ಹಿಂಭಾಗದಲ್ಲಿ ಸಂಜೆ ಹೊತ್ತು ಎಂಟು ಹುಡುಗರು ಸೇರುತ್ತಾರೆ. ಅಲ್ಲಿ ವೆಲ್ಡಿಂಗ್ ಸೆಟ್ಟಿದೆ, ವೈಂಡಿಂಗ್ ಮೆಷಿನ್ನಿದೆ; ಲೇತಿಲ್ಲ. ಒಂದು ಭಾನುವಾರ ಆತ ತೆರಕಣಾಂಬಿ ಮೇಲೆ ಬರುವ ಬಸ್ಸು ಹಿಡಿದು ಮೇಷ್ಟ್ರ ಮನೆಗೆ ಬಂದ.

“ಸಾರ್, ನಮ್ ಹುಡುಗರಿಗೆ ಲೇತಿಲ್ಲ, ನಿಮ್ಮೋರಿಗೆ ವೈಂಡಿಂಗ್ ಇಲ್ಲ. ಒಂದ್ ಕಡೆ ಕಾಸು ಕಟ್ಟಿದೋರು ಎರಡು ಕಡೆಯೂ ಬರ್ಲಿ ಬುಡಿ.”

“ಆಗ್ಲಿ ಕಣಪ್ಪ. ಅದಕ್ಕೇನಂತೆ” ಎಂದರು ಮೇಷ್ಟ್ರು. ಅಲ್ಲೇ ವೈಸಿಗೆ ಹಿತ್ತಾಳೆ ತುಂಡು ಕಚ್ಚಿಸಿ, ಅರ ಹಿಡಿದು, ಕೊಟ್ಟಿಗೆಯ ಬೀಗಕ್ಕೆ ಇನ್ನೊಂದು ಕೈ ಮಾಡಿ ಶಿಷ್ಯನ ಅಂಗೈಯಲ್ಲಿಟ್ಟರು. ಮುಂದಿನ ವಾರ ಅಂಗಡಿಯ ಕೈಯೊಂದು ಗುಂಡ್ಲುಪೇಟೆಯಿಂದ ಬಂತು. ಒಪ್ಪಂದ ಅಷ್ಟೇ. ಕಾಗದವಿಲ್ಲ, ರುಜುವಿಲ್ಲ.

ಮೊದಲ ಕೆಲವು ತಿಂಗಳು ಎಲ್ಲ ಚೆನ್ನಾಗಿಯೇ ಇತ್ತು. ಜನವರಿ ಬಂತು. ಗುಂಡ್ಲುಪೇಟೆ ಕಡೆ ಅರಿಶಿನ ಕೀಳುವ ಕಾಲ. ಕಿತ್ತ ಅರಿಶಿನವನ್ನು ಬೇಯಿಸಬೇಕು, ಒಣಗಿಸಬೇಕು, ಪಾಲಿಷ್ ಡ್ರಮ್ಮಿನಲ್ಲಿ ಉರುಳಿಸಿ ಸಿಪ್ಪೆ ಹೋಗಿಸಬೇಕು. ಡ್ರಮ್ಮು ತಿರುಗುತ್ತ ತಿರುಗುತ್ತ ಶಾಫ್ಟು ಸವೆಯುತ್ತದೆ, ಬೇರಿಂಗು ಹೋಗುತ್ತದೆ. ಒಬ್ಬರ ಹಿಂದೊಬ್ಬರಂತೆ ಗುಂಡ್ಲುಪೇಟೆಯ ಹುಡುಗರು ಶಾಫ್ಟು ಹೆಗಲಿಗೇರಿಸಿಕೊಂಡು ಚಾಮರಾಜನಗರದ ಬಸ್ಸಿನಲ್ಲಿ ಇಳಿಯತೊಡಗಿದರು. ಲೇತು ರಾತ್ರಿ ಹತ್ತರವರೆಗೂ ಓಡಿತು. ಇಲ್ಲಿನ ಹುಡುಗರು ಬಂದರೆ ಅವರಿಗೆ ಸರದಿಯಿಲ್ಲ. ಡ್ರಿಲ್ ಬಿಟ್ಟುಗಳು ಒಂದೊಂದಾಗಿ ಕಾಣೆಯಾದವು. ಕೊನೆಗೊಂದು ರಾತ್ರಿ ಯಾರೋ ಅವಸರದಲ್ಲಿ ಲೇತಿನ ಚಕ್ಕನ್ನೇ ಕೆಡಿಸಿ, ಬೀಗ ಹಾಕಿಕೊಂಡು ಹೊರಟುಹೋದರು.

ಮರುದಿನ ಕೊಟ್ಟಿಗೆಯಲ್ಲಿ ಪಂಚಾಯಿತಿ ಸೇರಿತು.

“ಅವ್ರು ಇಪ್ಪತ್ತು ಸಲ ಬಂದವ್ರೆ ಸಾರ್, ನಾವು ಹೋಗಿರೋದು ಎರಡೇ ಸಲ. ಇದು ಯಾವ ನ್ಯಾಯ?” ಎಂದ ಒಬ್ಬ. “ಗಂಟೆಗಿಷ್ಟು ಅಂತ ಬಾಡಿಗೆ ಇಟ್ಬುಡಿ” ಎಂದ ಇನ್ನೊಬ್ಬ. ಬೀಗ ಬದಲಾಯಿಸಿ ಎಂದವರೂ ಇದ್ದರು. ಮೇಷ್ಟ್ರು ಮಾತಾಡಲಿಲ್ಲ. ಗುಂಡ್ಲುಪೇಟೆಗೆ ಫೋನೂ ಮಾಡಲಿಲ್ಲ. ಶಿಷ್ಯನೇ ಮಾಡಲಿ ಎಂದು ನಾಲ್ಕು ದಿನ ಕಾದರು, ಅವನೂ ಮಾಡಲಿಲ್ಲ. ಇಪ್ಪತ್ತು ವರ್ಷದ ಗುರುಶಿಷ್ಯ ಸಂಬಂಧ ಒಂದು ಚಕ್ಕಿನ ಮೇಲೆ ನಿಂತುಬಿಟ್ಟಿತು.

ಬಾಡಿಗೆಯ ದಾರಿ ಇಲ್ಲವೆಂದಲ್ಲ. 2014-15ರಲ್ಲಿ ಸರ್ಕಾರ ಹೋಬಳಿ ಮಟ್ಟದಲ್ಲಿ ಶುರುಮಾಡಿದ ಕೃಷಿ ಯಂತ್ರಧಾರೆ ಕೇಂದ್ರಗಳು ಅದೇ ಕೆಲಸ ಮಾಡುತ್ತವೆ. ಟ್ರ್ಯಾಕ್ಟರು, ಟಿಲ್ಲರು ಕೊಳ್ಳಲಾಗದ ರೈತ ಬಾಡಿಗೆ ಕೊಟ್ಟು ಬಳಸುತ್ತಾನೆ. ಒಳ್ಳೆಯದೇ. ಆದರೆ ಬಾಡಿಗೆ ಕೊಟ್ಟವನ ಋಣ ಅಲ್ಲಿಗೆ ತೀರಿತು. ಅವನು ಯಾರಿಗೂ ಏನನ್ನೂ ಕಲಿಸಬೇಕಾಗಿಲ್ಲ, ಯಾರಿಂದಲೂ ಕಲಿಯಬೇಕಾಗಿಲ್ಲ. ಮೇಷ್ಟ್ರಿಗೆ ಬೇಕಾದದ್ದು ಅದಲ್ಲ.

ಐದನೆಯ ರಾತ್ರಿ ಊಟಕ್ಕೆ ಬಡಿಸುತ್ತ ಮನೆಯಾಕೆಯೇ ಮಾತು ತೆಗೆದರು. ಅವರ ತವರು ತೆರಕಣಾಂಬಿ ಹೋಬಳಿಯ ಹಳ್ಳಿ.

“ನಮ್ಮಪ್ಪಾರ ಕಾಲ್ದಲ್ಲಿ ನಾಟಿಗೆ ಮುಯ್ಯಾಳು ಕರೀತಿದ್ರಲ್ಲ, ಯಾರಾದ್ರೂ ಗಂಟೆ ಎಣಿಸ್ತಿದ್ರಾ? ನಮ್ಮ ಹೊಲಕ್ಕೆ ಹತ್ತಾಳು ಬಂದ್ರೆ, ಅವರ ಎರಡು ಗುಂಟೆಗೆ ನಮ್ಮನೇರು ಇಬ್ರು ಹೋದ್ರೂ ನಡೀತಿತ್ತು. ಆದ್ರೆ ಆಳು ಬಂದ್ರೆ ಯಾರ ಮನೆಯೋನು ಅಂತ ಗೊತ್ತಿರೋದು. ಕುಡುಗೋಲು ಮುರಿದ್ರೆ ಆ ಮನೇರೇ ಮಾಡಿಸ್ಕೊಡೋರು. ನೀವು ಬೀಗದ ಕೈ ಕೊಟ್ರಿ, ಮನೆ ಹೆಸರು ಕೇಳ್ಲಿಲ್ಲ.”

ಮೇಷ್ಟ್ರು ತುತ್ತು ಕೈಯಲ್ಲಿ ಹಿಡಿದೇ ಕೂತರು.

ಸಹಕಾರಿಗಳು ಬಹಳ ಹಿಂದೆಯೇ ಕಂಡುಕೊಂಡ ಮಾತೂ ಇದೇ. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರು ಪತ್ತಿನ ಸಂಘ ಕಟ್ಟಿದಾಗ ಅದರ ಬಂಡವಾಳ ಹಣಕ್ಕಿಂತ ಹೆಚ್ಚಾಗಿ ಪರಿಚಯವಾಗಿತ್ತು. ಸಾಲ ಪಡೆದವನ ಮುಖ ಊರಿಗೇ ಗೊತ್ತಿತ್ತು. ಸಂಘ ಸಂಘಗಳ ನಡುವೆಯೂ ಸಹಕಾರವಿರಬೇಕೆಂಬುದನ್ನು ಅಂತರರಾಷ್ಟ್ರೀಯ ಸಹಕಾರಿ ಒಕ್ಕೂಟ 1966ರಲ್ಲಿ ತನ್ನ ತತ್ತ್ವಗಳಲ್ಲಿ ಸೇರಿಸಿತು. ಒಂದೂರಿನ ಪರಿಚಯವನ್ನು ಇನ್ನೊಂದೂರಿಗೆ ದಾಟಿಸುವುದೇ ಅದರಲ್ಲಿ ಕಷ್ಟದ ಕೆಲಸ. ಚೀಟಿ ಬಾಗಿಲು ತೆಗೆಸುತ್ತದೆ. ಒಳಗೆ ಮುರಿದದ್ದಕ್ಕೆ ಉತ್ತರ ಹೇಳಲು ಒಬ್ಬ ಮನುಷ್ಯ ಬೇಕು.

ಮರುದಿನ ಬೆಳಗಿನ ಬಸ್ಸಿಗೆ ಮೇಷ್ಟ್ರೇ ಗುಂಡ್ಲುಪೇಟೆಗೆ ಹೋದರು. ಶಿಷ್ಯ ಅಂಗಡಿಯ ಬಾಗಿಲಲ್ಲಿ ಎದ್ದು ನಿಂತ. “ಯಾವ ಮೊಕ ಇಟ್ಕೊಂಡು ಫೋನ್ ಮಾಡ್ಲಿ ಅಂತಿದ್ದೆ ಸಾರ್” ಎಂದ. ಇಬ್ಬರೂ ಚಹಾ ಕುಡಿದು, ಒಂದು ನೂರು ಪುಟದ ನೋಟ್‌ಬುಕ್ಕು ತರಿಸಿ, ಮೂರೇ ಸಾಲು ಬರೆದರು. ಒಂದು, ಹೋಗುವವನ ಹೆಸರನ್ನು ಅವನ ಊರಿನವರು ಮೊದಲೇ ತಿಳಿಸಬೇಕು. ಎರಡು, ಅವನು ಮುರಿದದ್ದು ಅವನ ಊರಿನ ಲೆಕ್ಕ. ಮೂರು, ಕೆಲಸ ಮುಗಿದ ಮೇಲೆ ಒಂದು ಗಂಟೆ ನಿಂತು ಆ ಜಾಗದ ಏನಾದರೊಂದು ಕೆಲಸ ಮಾಡಿಕೊಡಬೇಕು, ಇಲ್ಲವೇ ಅಲ್ಲಿನವರಿಗೆ ಏನಾದರೂ ಹೇಳಿಕೊಡಬೇಕು. ಎಷ್ಟು ಸಲ ಬಂದರು, ಎಷ್ಟು ಸಲ ಹೋದರು ಎಂಬ ಲೆಕ್ಕಕ್ಕೆ ಪುಟವಿಡಲಿಲ್ಲ. ಎಂಟು ಹುಡುಗರು ತಲಾ ಇಷ್ಟೆಂದು ಹಾಕಿ ಚಕ್ಕನ್ನು ರಿಪೇರಿ ಮಾಡಿಸಿದರು.

ಏಪ್ರಿಲ್ ಬಂತು. ಬಾಡಿಗೆ ಇಡಿ ಎಂದಿದ್ದ ಚಾಮರಾಜನಗರದ ಹುಡುಗನ ತೋಟದಲ್ಲಿ ಬೋರ್‌ವೆಲ್ಲಿನ ಮೋಟಾರ್ ಸುಟ್ಟಿತು. ಬಾಳೆ ಗೊನೆ ಬಿಟ್ಟು ನಿಂತಿತ್ತು. ಸುತ್ತಲಿನ ಅಂಗಡಿಗಳಲ್ಲೆಲ್ಲ ವಾರದ ಮಾತು. ಎಲ್ಲರ ಮೋಟಾರುಗಳೂ ಸುಡುವ ಕಾಲವದು. ಮೋಟಾರನ್ನು ಗೂಡ್ಸ್ ಆಟೋಕ್ಕೆ ಹಾಕಿಕೊಂಡು ಅವನು ಗುಂಡ್ಲುಪೇಟೆಗೆ ಹೋದ. ಹಿಂದಿನ ದಿನವೇ ಹೆಸರು ಹೋಗಿತ್ತು. ಅಲ್ಲಿನ ಇಬ್ಬರು ಹುಡುಗರು ಅವನ ಜೊತೆ ರಾತ್ರಿಯಿಡೀ ಕೂತು ತಂತಿ ಸುತ್ತಿದರು, ಸುತ್ತುವುದನ್ನು ಅವನಿಗೂ ಕಲಿಸಿದರು. ಮೂರನೆಯ ದಿನ ತೋಟಕ್ಕೆ ನೀರು ಹರಿಯಿತು.

ಬಾಡಿಗೆಯ ಮಾತನ್ನು ಅವನು ಮತ್ತೆ ಎತ್ತಿಲ್ಲ. ಈಗ ತಿಂಗಳಿಗೊಂದು ಭಾನುವಾರ ಚಾಮರಾಜನಗರದ ಕೊಟ್ಟಿಗೆಯಲ್ಲಿ ಅವನೇ ವೈಂಡಿಂಗ್ ಹೇಳಿಕೊಡುತ್ತಾನೆ.

ಎರಡು ಬೀಗಗಳೂ ಹಳೆಯವೇ ಇವೆ, ಬದಲಾಯಿಸಲಿಲ್ಲ. ನೋಟ್‌ಬುಕ್ಕು ಅರ್ಧ ತುಂಬಿದೆ. ಅದರ ಮೊದಲ ಪುಟದ ಮೊದಲ ಸಾಲು ಮಾತ್ರ ಇನ್ನೂ ಹೊಡೆದುಹಾಕದೆ ಉಳಿದಿದೆ: “8 ಎಂ.ಎಂ. ಡ್ರಿಲ್ ಬಿಟ್, ಒಂದು. ಬಂದಿಲ್ಲ.” ಯಾರು ಒಯ್ದದ್ದೆಂದು ಮೇಷ್ಟ್ರಿಗೆ ಗೊತ್ತು. ಕೇಳುವುದಿಲ್ಲ. ತರುತ್ತಾನೆ ಎನ್ನುತ್ತಾರೆ.